ಮೈನಸ್ ಹಾಕಿದ ಊರು

"ಮೇಡಂ, ತಂತ್ರಾಂಶ ಸರಿಯಾಗಿ ಲೆಕ್ಕ ಮಾಡುತ್ತಿದೆ. ನಾಳೆ ಅದನ್ನು ವಿದ್ಯುತ್ ಕಚೇರಿಗೆ ಒಪ್ಪಿಸಬೇಕು. ಯಾರೂ ಓದದ ಕೈಪಿಡಿಯನ್ನು ತಿದ್ದುತ್ತ ಕೂರುವುದು ಯಾಕೆ?" ಎಂದು ಶಿಷ್ಯ ವಿರೂಪಾಕ್ಷ ಕೇಳಿದ.

"ನೆಟ್ಟಗೆ ಕುಳಿತು ಕೇಳು" ಎಂದರು ಅಧ್ಯಾಪಕಿ.

ಒಬ್ಬ ಎಂಜಿನಿಯರ್ ಇದ್ದ. ಯಾವ ಮಾರ್ಗದಲ್ಲಿ ಎಷ್ಟು ವಿದ್ಯುತ್ ಹರಿಯುತ್ತದೆ ಎಂಬುದನ್ನು, ಮಾರ್ಗವನ್ನು ಮುಟ್ಟುವ ಮೊದಲೇ ಕಂಪ್ಯೂಟರಿನಲ್ಲಿ ತೋರಿಸುವ ತಂತ್ರಾಂಶವನ್ನು ಅವನು ಬರೆದಿದ್ದ. ಮೊದಮೊದಲು, ವಿದ್ಯುತ್ ಬಳಸುವ ಊರಿನ ಅಂಕಿಯನ್ನು ಕಳೆಯಲೆಂದು ಅದಕ್ಕೆ ಮೈನಸ್ ಹಾಕಬೇಕಿತ್ತು. ಜನ ಅದನ್ನು ಮರೆಯುತ್ತಿದ್ದರು. ಆದ್ದರಿಂದ ಅವನು ಕ್ರಮ ಬದಲಿಸಿದ. ಬರಿಯ ಅಂಕಿ ಕೊಟ್ಟರೆ ಸಾಕು, ಕಳೆಯುವ ಕೆಲಸವನ್ನು ತಂತ್ರಾಂಶವೇ ಮಾಡಿಕೊಳ್ಳುತ್ತಿತ್ತು. ಬದಲಾವಣೆ ಒಳ್ಳೆಯದೇ. ಕಚೇರಿಯವರಿಗೆಲ್ಲ ಅದನ್ನು ಬಾಯಲ್ಲಿ ಹೇಳಿದ. ಕೈಪಿಡಿಯನ್ನು ಹಾಗೆಯೇ ಬಿಟ್ಟ.

ಆ ಕಚೇರಿಗೆ ಒಬ್ಬ ಹೊಸ ಅಧಿಕಾರಿ ಬಂದಳು. ಅವಳ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಮೂರು ಊರುಗಳಿಗೆ ಎರಡು ಮಾರ್ಗಗಳಲ್ಲಿ ವಿದ್ಯುತ್ ಹೋಗುತ್ತಿತ್ತು. ದುರಸ್ತಿಗೆಂದು ಒಂದನ್ನು ನಿಲ್ಲಿಸಿದರೆ ಇನ್ನೊಂದು ಹೊರೆ ತಾಳುತ್ತದೆಯೇ ಎಂದು ನೋಡುವ ಕೆಲಸ ಅವಳಿಗೆ ಬಂತು. ಎರಡು ಊರುಗಳ ಅಂಕಿಗಳನ್ನು ಹಳಬರು ಮೊದಲೇ ತುಂಬಿದ್ದರು. ಮೂರನೆಯದು ಹೊಸದಾಗಿ ಸೇರಿದ ದೊಡ್ಡ ಊರು. ಅವಳು ಕೈಪಿಡಿ ತೆರೆದಳು, ಓದಿದಳು, ಬರೆದಿದ್ದಂತೆ ಮೈನಸ್ ಹಾಕಿದಳು.

ಮೈನಸ್ ಅಂಕಿಯನ್ನು ತಂತ್ರಾಂಶ ಮತ್ತೆ ಕಳೆದಾಗ ಅದು ಪ್ಲಸ್ ಆಯಿತು; ವಿದ್ಯುತ್ ಬಳಸುವ ಊರನ್ನು ಅದು ವಿದ್ಯುತ್ ಕೊಡುವ ಕೇಂದ್ರವೆಂದು ತಿಳಿಯಿತು. ಆ ಊರೇ ಪಕ್ಕದ ಊರುಗಳನ್ನೂ ಸಾಕುತ್ತದೆ, ಮಾರ್ಗದ ಹೊರೆ ಹಗುರ ಎಂದು ತೋರಿಸಿತು. ಒಂದು ಮಾರ್ಗ ನಿಲ್ಲಿಸಬಹುದೆಂದು ಅವಳು ಸಹಿ ಮಾಡಿದಳು. ಒಂದು ಮಾರ್ಗವನ್ನು ನಿಲ್ಲಿಸಿದರು. ಇನ್ನೊಂದು ಹೊರೆ ತಾಳದೆ ತಾನಾಗಿಯೇ ನಿಂತಿತು. ಹಿಟ್ಟಿನ ಗಿರಣಿಯಿಂದ ಹೆರಿಗೆ ಆಸ್ಪತ್ರೆಯವರೆಗೆ ಮೂರು ಊರುಗಳಲ್ಲಿ ಸಂಜೆಯ ತನಕ ವಿದ್ಯುತ್ ಇರಲಿಲ್ಲ.

ವಿಚಾರಣೆಗೆ ಎಂಜಿನಿಯರ್ ಬಂದ. "ಏನಮ್ಮಾ, ಊರು ಎಲ್ಲಾದರೂ ಕರೆಂಟ್ ಹುಟ್ಟಿಸುತ್ತದೆಯೇ? ಮೈನಸ್ ಹಾಕಬಾರದು ಅಂತ ಇಲ್ಲಿ ಅಟೆಂಡರಿಗೂ ಗೊತ್ತು" ಎಂದ.

"ಅಟೆಂಡರನ್ನು ಕೇಳಿ ಅಂತ ಕೈಪಿಡಿಯಲ್ಲಿ ಬರೆದಿಲ್ಲ, ಸರ್. ಮೈನಸ್ ಹಾಕಿ ಅಂತ ಬರೆದಿದೆ" ಎಂದಳು ಅವಳು.

ಮಾತು ಸರಿಯಾಗಿತ್ತು. ಆದರೆ ಸಹಿ ಅವಳದಾಗಿತ್ತು. ಕೆಲಸ ಹೋಯಿತು.

ಅಧ್ಯಾಪಕಿ ಕತೆ ನಿಲ್ಲಿಸಿದರು. ವಿರೂಪಾಕ್ಷ ಸ್ವಲ್ಪ ಯೋಚಿಸಿ, "ಆ ಅಂಕಿಯನ್ನು ಹಳಬರೇ ತುಂಬಿದ್ದರೆ ಹೀಗಾಗುತ್ತಿರಲಿಲ್ಲ, ಮೇಡಂ" ಎಂದ.

"ಆಗುತ್ತಿರಲಿಲ್ಲ, ಆ ಕಚೇರಿಯಲ್ಲಿ ಕೈಪಿಡಿ ಓದಿದವಳು ಅವಳೊಬ್ಬಳೇ."