ಕಡಲ ಹೂವಿಗೆ ಕಾವಲು ಕೂತ ಶೀನ

ಹೂಂ ಅನ್ನುವವರು ಮುಂದೆ ಬನ್ನಿ, ಆಕಳಿಸುವವರು ಹಿಂದೆ ಹೋಗಿ. ನಡುವೆ ಬಾಯಿ ಹಾಕಿ "ಹೀಗೂ ಉಂಟಾ?" ಅಂದರೆ ನನಗೆ ಸಿಟ್ಟು ಬರುತ್ತದೆ. ಉಂಟು. ಇಲ್ಲದಿದ್ದರೆ ನಾನು ಯಾಕೆ ಹೇಳುತ್ತೇನೆ?

ಗಂಗೊಳ್ಳಿಯಲ್ಲಿ ಅಕ್ಕಣಿ ಅಂತ ಒಬ್ಬಳು, ಒಣಮೀನು ಮಾರುವವಳು. ಅವಳಿಗೊಬ್ಬ ಮಗ, ಶೀನ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಕೆಟ್ಟವನಲ್ಲ, ಸೋಮಾರಿಯೂ ಅಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಕಷ್ಟ ಇದ್ದದ್ದೇ ಅಲ್ಲಿ.

ಆ ವರ್ಷ ಅಕ್ಕಣಿಯ ಎದೆಗೆ ಕೆಮ್ಮು ಹೊಕ್ಕಿತು, ಹೊರಗೆ ಬರಲಿಲ್ಲ. ಕೆಮ್ಮಿದಾಗಲೆಲ್ಲ ಅವಳಿಗೆ ಒಂದೇ ಯೋಚನೆ: ನಾನು ಹೋದ ಮೇಲೆ ಇವನಿಗೆ ಅನ್ನ ಹಾಕುವವರು ಯಾರು?

ಅವಳು ಮೀನು ಒಣಗಿಸುತ್ತಿದ್ದದ್ದು ಐಸ್ ಪ್ಲಾಂಟಿನ ಒಡತಿ ವಾರಿಜಕ್ಕನ ಅಂಗಳದಲ್ಲಿ. ವಾರಿಜಕ್ಕನಿಗೆ ಒಂದು ಹುಚ್ಚು. ಮನೆ ಎದುರಿಗೇ ಕಡಲು, ಆದರೂ ಜಗಲಿಯಲ್ಲಿ ಗಾಜಿನ ತೊಟ್ಟಿ ಇಟ್ಟು, ಅದರೊಳಗೆ ಇನ್ನೊಂದು ಕಡಲು ಸಾಕಿದ್ದಳು. ಉಪ್ಪುನೀರು, ಕಲ್ಲು, ದೀಪ, ಪಂಪು, ಬಿಳಿಪಟ್ಟೆಯ ಕಿತ್ತಳೆ ಮೀನಿನ ಜೋಡಿ. ಮೊನ್ನೆ ಮೊನ್ನೆ ಒಂದು ಕಡಲ ಹೂವೂ ಬಂದಿತ್ತು. ಹೆಸರಿಗೆ ಹೂವು, ನಿಜಕ್ಕೆ ಜೀವ. ಮೇಲೆ ಮೈತುಂಬ ಬೆರಳು, ಕೆಳಗೆ ಒಂದೇ ಕಾಲು. ಜಾಗ ಹಿಡಿಸಿದರೆ ಕಲ್ಲಿಗೆ ಕಾಲು ಅಂಟಿಸಿ ಕೂರುತ್ತದೆ, ಹಿಡಿಸದಿದ್ದರೆ ಎದ್ದು ಹೊರಡುತ್ತದೆ. ಇದಕ್ಕೆ ಯಾವ ಕಲ್ಲೂ ಹಿಡಿಸಲಿಲ್ಲ.

ವಾರಿಜಕ್ಕನಿಗೆ ಕಣ್ಣು ತೋರಿಸಲು ಮಣಿಪಾಲಕ್ಕೆ ಹೋಗಲೇಬೇಕಿತ್ತು. ಅಕ್ಕಣಿ ಸಮಯ ನೋಡಿ ಕೇಳಿಯೇಬಿಟ್ಟಳು:

"ಅಕ್ಕ, ನನ್ನ ಶೀನನ್ನ ತೊಟ್ಟಿ ಕಾವಲಿಗೆ ಇಟ್ಕೊಳ್ಳಿ. ಬರೀ ಉಣ್ಣುಕೆ ಹಾಕಿದ್ರೆ ಸಾಕು."

ವಾರಿಜಕ್ಕ ಶೀನನನ್ನು ಮೇಲಿಂದ ಕೆಳಗೆ ನೋಡಿದಳು.

"ಸರಿ. ಸಂಜೆ ನಾ ಬಪ್ಪೊರೆಗೆ ಈ ಹೂವು ಬದುಕಿರ್ಬೇಕು, ಒಂದು ಕಡೆ ಕಾಲೂರಿರ್ಬೇಕು. ಹಾಗಾದ್ರೆ ಇವನಿಗೆ ಸಾಯೋತನಕ ನಮ್ಮನೆ ಅನ್ನ. ಇದು ಸತ್ರೆ ತೊಟ್ಟಿ ನೀರೇ ವಿಷ, ಮೀನೂ ಉಳಿಯುದಿಲ್ಲ. ಆಮೇಲೆ ನೀವಿಬ್ರೂ ನನ್ನ ಗೇಟಿನ ಒಳಗೆ ಕಾಲಿಡುಕಾಗ!"

ಶೀನನಿಗೆ ಅವಳು ಹೇಳಿದ್ದು ಎರಡೇ ಮಾತು. "ಮುಟ್ಟುಕಾಗ. ಕಣ್ಣು ತೆಗೀಬೇಡ."

ಕಾರು ಹೋಯಿತು. ಅಕ್ಕಣಿ ಅಂಗಳಕ್ಕೆ ಹೋಗಿ ಚಾಪೆ ಹಾಸಿದಳು. ಶೀನ ಮುಟ್ಟಲಿಲ್ಲ. ಕಣ್ಣೂ ತೆಗೆಯಲಿಲ್ಲ. ಹೂವು ಕಲ್ಲು ಬಿಟ್ಟಿತು, ನೋಡಿದ. ನೀರಲ್ಲಿ ತೇಲಿತು, ನೋಡಿದ. ತೇಲುತ್ತ ತೇಲುತ್ತ ಪಂಪಿನ ಬಾಯಿಗೆ ಹೋಯಿತು, ನೋಡಿದ. ಪಂಪು ಅದರ ಬೆರಳು ಹಿಡಿದು ಎಳೆಯತೊಡಗಿತು, ಅದನ್ನೂ ನೋಡಿದ!

ಅಕ್ಕಣಿ ಕುಡಿಯುವ ನೀರಿಗೆಂದು ಒಳಗೆ ಬಂದವಳು ಕಿರುಚಿದಳು. ಮೀನು ಮುಟ್ಟಿದ ಕೈಯಲ್ಲೇ ಪಂಪಿನ ಸ್ವಿಚ್ಚು ಆರಿಸಿದಳು. ಹೂವು ಒಂದು ಬೆರಳು ಕಳೆದುಕೊಂಡು ಕೆಳಗೆ ಬಿತ್ತು.

"ಎಂತ ಮಾಡ್ತಾ ಇದ್ದಿ ಮಾರಾಯಾ!"

"ಕಾಣ್ತಾ ಇದ್ದೆ. ಮುಟ್ಟುಕಾಗ, ಕಣ್ಣು ತೆಗೀಬೇಡ ಅಂತ ಹೇಳಿದ್ದಲ್ದಾ ಅಮ್ಮ?"

"ಕಂಡದ್ದು ಸಾಕು! ಅಪಾಯ ಬಂತು ಅಂದ್ರೆ ಮೊದ್ಲು ಕರೆಂಟು ತೆಗೀಬೇಕು. ತಿಳೀತಾ?"

"ತಿಳೀತು."

ಅವಳು ಹಳೆಯ ಬಲೆಯ ತುಂಡು ತಂದು ಪಂಪಿನ ಬಾಯಿಗೆ ಕಟ್ಟಿ, ಸ್ವಿಚ್ಚು ಹಾಕಿ, ಎದೆ ಒತ್ತಿಕೊಂಡು ಅಂಗಳಕ್ಕೆ ಹೋದಳು. ಮೀನು ಒಣಗದಿದ್ದರೆ ಅವಳ ಹೊಟ್ಟೆ ನಡೆಯುವುದು ಹೇಗೆ?

ಅಷ್ಟರಲ್ಲಿ ಕಿಟಕಿಯಲ್ಲಿ ಬೆಕ್ಕು. ಕಿತ್ತಳೆ ಮೀನು ನೋಡಿ ನಾಲಗೆ ಸವರಿಕೊಂಡಿತು. ಅಪಾಯ! ಶೀನ ಎದ್ದ, ಓಡಿದ, ಇಡೀ ಮನೆಯ ಮೇನ್ ಸ್ವಿಚ್ಚನ್ನೇ ಎಳೆದ! ಬೆಕ್ಕೇನು ಕರೆಂಟಿನಲ್ಲಿ ಓಡುತ್ತದಾ? ಅದು ತನ್ನ ಪಾಡಿಗೆ ಕಿಟಕಿಯಲ್ಲಿ ಕೂತು ಮೈ ನೆಕ್ಕಿಕೊಂಡು, ಬೇಸರ ಬಂದಾಗ ಹೋಯಿತು. ಕರೆಂಟು ತೆಗೆ ಅಂದಿದ್ದರು, ತೆಗೆದ. ತಿರುಗಿ ಹಾಕು ಅಂತ ಯಾರು ಹೇಳಿದ್ದರು?

ದೀಪ ಆರಿತು. ಪಂಪು ನಿಂತಿತು. ನೀರು ಅಲುಗಾಡದೆ ಮಲಗಿತು. ಮೀನುಗಳು ಮೇಲೆ ಬಂದು ಬಾಯಿಬಾಯಿ ಬಿಡತೊಡಗಿದವು. ಹೂವು ಮುದುಡಿತು.

ಪಂಪಿನ ಸದ್ದಿಲ್ಲ ಅಂತ ಅಕ್ಕಣಿ ಓಡಿ ಬಂದಳು.

"ಕತ್ತಲೆ ಎಂತಕ್ಕಾ? ಪಂಪು ಎಂತಕ್ಕೆ ನಿಂತಿದೆ?"

"ಬೆಕ್ಕು ಬಂತು. ಅಪಾಯ. ಕರೆಂಟು ತೆಗೀಬೇಕು ಅಂತ ನೀನೇ ಹೇಳಿದ್ದಲ್ದಾ ಅಮ್ಮ?"

"ಬೆಕ್ಕು ಬಂದ್ರೆ ಹಚಾ ಅನ್ನುದಲ್ವನಾ! ನೀರು ಅಲುಗದಿದ್ರೆ ಮೀನಿಗೆ ಉಸಿರಿಲ್ಲ. ಕಾಣ್, ಬಾಯಿ ಬಿಡ್ತಾ ಇದೆ! ಬಾಯಿ ಬಿಟ್ಟದ್ದಕ್ಕೆ ಗಾಳಿ ಕೊಡ್ಬೇಕು. ತಿಳೀತಾ?"

"ತಿಳೀತು."

ಸ್ವಿಚ್ಚು ಹಾಕಿದಳು. ನೀರು ಕುಣಿಯಿತು, ಮೀನು ಕೆಳಗಿಳಿದವು. ಅಕ್ಕಣಿ ಹೊರಗೆ ಹೋದಳು.

ಶೀನ ನೋಡಿದ. ಮೀನು ಬಾಯಿ ತೆರೆಯಿತು, ಮುಚ್ಚಿತು. ತೆರೆಯಿತು, ಮುಚ್ಚಿತು. ಅಯ್ಯೋ ಪಾಪ! ಬಾಯಿ ಬಿಡುತ್ತಲೇ ಇದೆಯಲ್ಲ! ಎರಡನ್ನೂ ಜರಡಿಯಲ್ಲಿ ಎತ್ತಿದ, ಅಮ್ಮ ಮೀನು ಹರಡುವ ಗೆರಸೆಯ ಮೇಲೆ ಮಲಗಿಸಿದ, ಬೀಸಣಿಗೆ ತಂದು ಕೂತ. ಬೀಸಿದ, ಬೀಸಿದ. ಮೀನು ಪಟಪಟ ಹಾರಿದವು. ಗಾಳಿ ಹಿತವಾಯಿತು ಅಂತ ಇವನು ಇನ್ನೂ ಜೋರಾಗಿ ಬೀಸಿದ!

ಅಕ್ಕಣಿ ಗೆರಸೆ ಹುಡುಕುತ್ತ ಬಂದದ್ದು ಮೀನಿನ ಪುಣ್ಯ. ಎರಡನ್ನೂ ಬಾಚಿ ನೀರಿಗೆ ಎಸೆದಳು. ಒಂದು ಈಜಿತು. ಇನ್ನೊಂದು ಅಡ್ಡ ಮಲಗಿತು. ಬಹಳ ಹೊತ್ತಿನ ಮೇಲೆ ಅದೂ ಬಾಲ ಆಡಿಸಿತು.

"ಕೊಲ್ಲುಕೆ ಹೊರಟಿದ್ಯಾ!"

"ಗಾಳಿ ಕೊಟ್ಟೆ. ನೀನೇ ಹೇಳಿದ್ದಲ್ದಾ ಅಮ್ಮ?"

"ನಿನ್ನ ತಲೆ! ಕಡಲಿಂದ ಬಂದದ್ದು ನೀರಲ್ಲೇ ಇರ್ಬೇಕು! ಹೊರಗೆ ಬಿದ್ದದ್ದು ಕಂಡ್ರೆ ತಕ್ಷಣ ನೀರಿಗೆ ಹಾಕು! ತಿಳೀತಾ?"

"ತಿಳೀತು."

ಈಗ ನೀವು ನಗ್ತೀರಿ. ಅಕ್ಕಣಿಗೆ ನಗು ಬರಲಿಲ್ಲ. ಬಿಸಿಲು ವಾಲಿತ್ತು. ಅವಳು ಗೇಟಿನ ತನಕ ಹೋಗಿ ಕಾರು ಬಂತಾ ಅಂತ ರಸ್ತೆ ನೋಡಿದಳು.

ಅವಳು ರಸ್ತೆ ನೋಡುತ್ತಿದ್ದಾಗ ಶೀನ ಅಂಗಳ ನೋಡಿದ. ಅಬ್ಬಾ! ಚಾಪೆಯ ತುಂಬ ಬಂಗುಡೆ, ಸಿಗಡಿ. ಎಲ್ಲ ಕಡಲಿಂದ ಬಂದದ್ದು. ಎಲ್ಲ ಹೊರಗೆ ಬಿದ್ದದ್ದು. ಒಣಗಿ ಒಣಗಿ ಕಡ್ಡಿಯಾಗಿತ್ತು ಪಾಪ! ಬುಟ್ಟಿಗೆ ತುಂಬಿದ, ಓಡಿದ, ತೊಟ್ಟಿಗೆ ಸುರಿದ. ಮತ್ತೆ ತುಂಬಿದ, ಮತ್ತೆ ಸುರಿದ.

"ಈಜಿ, ಈಜಿ!" ಅಂದ.

ಅಕ್ಕಣಿ ತಿರುಗಿ ಬರುವಾಗ ಚಾಪೆ ಬರಿದು. ಒಳಗೆ ಬಂದರೆ ತೊಟ್ಟಿಯ ನೀರು ಅಕ್ಕಿ ತೊಳೆದ ನೀರು. ಅವಳು ಬೈಯಲೂ ನಿಲ್ಲಲಿಲ್ಲ. ಎರಡೂ ಕೈಯಲ್ಲಿ ಮೀನು ಬಾಚಿದಳು, ಬುಟ್ಟಿಗೆ ಎಸೆದಳು. ಕೊಳಕು ನೀರು ಕೊಡದಲ್ಲಿ ಮೊಗೆದು ಹೊರಗೆ ಚೆಲ್ಲಿದಳು. ವಾರಿಜಕ್ಕ ಡ್ರಮ್ಮಿನಲ್ಲಿ ಹದಮಾಡಿ ಇಟ್ಟಿದ್ದ ಉಪ್ಪುನೀರು ತಂದು ತುಂಬಿದಳು. ಮೊಗೆದಳು, ತುಂಬಿದಳು, ಕೆಮ್ಮಿದಳು. ಕಲ್ಲುಗಳೆಲ್ಲ ಮಗುಚಿ ಬಿದ್ದವು. ಹೂವು ಮುಷ್ಟಿಯಷ್ಟಾಗಿ ತಳದಲ್ಲಿ ಉರುಳುತ್ತಿತ್ತು.

ಸತ್ತಿದೆಯಾ, ಬದುಕಿದೆಯಾ? ಸತ್ತರೆ ಕೆಟ್ಟ ವಾಸನೆ ಬರುತ್ತದೆ ಅಂತ ವಾರಿಜಕ್ಕ ಹೇಳಿದ್ದಳು. ಅಕ್ಕಣಿ ಬಗ್ಗಿ ಮೂಸಿದಳು. ಮನೆಗೆ ಮನೆಯೇ ಒಣಮೀನು ನಾರುತ್ತಿತ್ತು. ಯಾವ ವಾಸನೆ ಯಾವುದರದ್ದು ಅಂತ ಯಾರು ಹೇಳಬೇಕು?

ಅವಳು ನೆಲದ ಮೇಲೆ ಕೂತು ಅತ್ತುಬಿಟ್ಟಳು.

"ನಾ ಸತ್ತ ಮೇಲೆ ನಿಂಗೆ ಅನ್ನ ಯಾರು ಹಾಕ್ತಾರೆ ಮಗನೇ? ಇನ್ನು ಎಂತದೂ ಮಾಡಬೇಡ. ಕೈ ಮುಗಿತೆ, ಎಂತದೂ ಮಾಡಬೇಡ! ಯಾರು ಕರೆದ್ರೂ, ಏನು ಕಚ್ಚಿದ್ರೂ, ಬಂಡೆ ಹಾಗೆ ಇರು! ತಿಳೀತಾ?"

"ತಿಳೀತು."

ಅಕ್ಕಣಿ ನೆನೆದ ಮೀನಿನ ಬುಟ್ಟಿ ಹೊತ್ತು ಅಂಗಳಕ್ಕೆ ಹೋದಳು. ಶೀನ ಯೋಚನೆ ಮಾಡಿದ. ಬಂಡೆ ಹಾಗೆ ಇರಬೇಕು. ಬಂಡೆ ಎಲ್ಲಿರುತ್ತದೆ? ನೀರಿನೊಳಗೆ. ತಾನು ಇಡಿಯಾಗಿ ತೊಟ್ಟಿಯಲ್ಲಿ ಹಿಡಿಸುವುದಿಲ್ಲ. ಸರಿ, ಹಿಡಿಸಿದಷ್ಟು ಆಯಿತು. ತೋಳನ್ನು ಭುಜದ ತನಕ ಇಳಿಸಿ, ಮುಷ್ಟಿ ಕಟ್ಟಿ, ನಿಂತ.

ಹೂವು ಉರುಳಿ ಬಂದು ಮುಷ್ಟಿಗೆ ತಾಗಿತು. ಶೀನ ಅಲುಗಲಿಲ್ಲ. ಹೂವು ಕಾಲು ತಡವಿತು. ಕೈಯೆಲ್ಲ ತುರಿಕೆ, ಉರಿ. ಬಂಡೆ ತುರಿಸಿಕೊಳ್ಳುತ್ತದಾ? ಇಲ್ಲ. ಕಣ್ಣಲ್ಲಿ ನೀರು ಬಂತು, ಕೈ ಅಲುಗಲಿಲ್ಲ. ಹೂವು ಕಾಲಂಟಿಸಿತು. ಒಂದು ಬೆರಳು ಬಿಚ್ಚಿತು, ಆಮೇಲೆ ಇನ್ನೊಂದು.

ಗೇಟಿನಲ್ಲಿ ಕಾರಿನ ಸದ್ದಾಯಿತು. ವಾರಿಜಕ್ಕ ಮೂಗು ಮುಚ್ಚಿಕೊಂಡು ಒಳಗೆ ಬಂದಳು, ಹಿಂದೆ ಅಕ್ಕಣಿ.

"ಹೋಯ್! ಕೈ ತೆಗಿಯಾ!"

ಬಂಡೆ ಮಾತಾಡಲಿಲ್ಲ.

"ಕಿವಿ ಕೇಳುದಿಲ್ವಾ? ತೆಗಿ ಕೈ!"

"ಅಕ್ಕ, ತಪ್ಪು ನಂದು," ಅಂದಳು ಅಕ್ಕಣಿ. "ಬಂಡೆ ಹಾಗೆ ಇರು ಅಂತ ನಾನೇ ಹೇಳ್ದೆ."

ವಾರಿಜಕ್ಕ ಅವನ ತೋಳಿಗೆ ಕೈ ಹಾಕಿದಳು. ಹಾಗೇ ನಿಂತಳು. ನೀರಿನೊಳಗೆ ಶೀನನ ಮುಷ್ಟಿಯ ಮೇಲೆ ಹೂವು ತಟ್ಟೆಯಷ್ಟು ಅಗಲ ಅರಳಿತ್ತು. ಕಿತ್ತಳೆ ಮೀನಿನ ಜೋಡಿ ಅದರೊಳಗೆ ಹೊಕ್ಕು ಹೊರಳಾಡುತ್ತಿತ್ತು.

"ಎಳಿಯುಕಾಗ," ಅಂದಳು ಮೆಲ್ಲಗೆ. "ಕಾಲು ಹರಿದ್ರೆ ಸಾಯ್ತದೆ. ಅದಾಗಿ ಬಿಡ್ಬೇಕು. ಎಷ್ಟು ಕಲ್ಲು ತಂದಿಟ್ಟೆ ಮಾರಾಯ್ತಿ, ಒಂದ್ರಲ್ಲೂ ನಿಲ್ಲಲಿಲ್ಲ ಇದು."

ಕಾದರು. ಅದು ಬಿಡಲಿಲ್ಲ. ಶೀನನ ಹೊಟ್ಟೆ ಗುರ್ ಅಂದಿತು. ವಾರಿಜಕ್ಕ ಬೈಯುತ್ತಲೇ ಒಳಗೆ ಹೋಗಿ ಅನ್ನ ಸಾರು ಕಲಸಿ ತಂದು, ತುತ್ತು ಮಾಡಿ ಹಿಡಿದಳು. ಬಂಡೆ ಬಾಯಿ ತೆರೆಯಿತು. ಅಕ್ಕಣಿ ಅದನ್ನು ನೋಡಿದಳು. ಬೇರೆಯವರ ಕೈಯಿಂದ ಮಗನ ಬಾಯಿಗೆ ಅನ್ನ ಹೋದದ್ದನ್ನು ಅವಳು ನೋಡಿದ್ದು ಅದೇ ಮೊದಲು.

ಹೊರಗೆ ಬೆಳಕು ಕೆಂಪಾಗುವ ಹೊತ್ತಿಗೆ ಹೂವು ಮುಷ್ಟಿಯಿಂದ ಒಂದೊಂದೇ ಇಂಚು ಸರಿದು ಪಕ್ಕದ ಕಲ್ಲಿಗೆ ದಾಟಿತು, ಅಲ್ಲೇ ಕಾಲೂರಿತು. ಶೀನ ಮಾತ್ರ ಕೈ ತೆಗೆಯಲಿಲ್ಲ.

"ಅಕ್ಕಣಿ, ಆಯ್ತಲ್ಲ! ಇವನಿಗೆ ಹೇಳು ಮಾರಾಯ್ತಿ, ಕೈ ತೆಗಿ ಅಂತ!"

ಅಕ್ಕಣಿ ಬಾಯಿ ತೆರೆದಳು. ಬೆಳಗಿನಿಂದ ಹೇಳಿದ ಬುದ್ಧಿಮಾತೆಲ್ಲ ನೆನಪಾಯಿತು. ಬಾಯಿ ಮುಚ್ಚಿಕೊಂಡಳು. ಅಂಗಳಕ್ಕಿಳಿದು ಬುಟ್ಟಿ ಎತ್ತಿಕೊಂಡು ಸರಸರ ಹೊರಟಳು.

"ಏ, ಎಲ್ಲಿಗೆ? ಹೇಳಿ ಹೋಗೇ!"

ಅಕ್ಕಣಿ ತಿರುಗಲಿಲ್ಲ. ವಾರಿಜಕ್ಕ ಹಣೆ ಚಚ್ಚಿಕೊಂಡು ಶೀನನ ಕಡೆ ತಿರುಗಿದಳು.

"ಏ ಶೀನಾ! ಇನ್ನು ಮೇಲೆ ನಾ ಹೇಳ್ದ ಹಾಗೆ ಕೇಳು! ಕೈ ತೆಗಿ, ಒರೆಸ್ಕೊ, ಅಡುಗೆಮನೆಗೆ ಹೋಗಿ ಎಲೆ ಹಾಕ್ಕೊಂಡು ಉಣ್ಣು. ನಾ ಸಾಕು ಅನ್ನೊವರೆಗೆ ಏಳುಕಾಗ! ತಿಳೀತಾ?"

"ತಿಳೀತು."

ಗೇಟಿನ ಹತ್ತಿರ ಅಕ್ಕಣಿಗೆ ಅದು ಕೇಳಿಸಿತು. ಕೆಮ್ಮು ಒತ್ತಿ ಬಂತು. ಕೆಮ್ಮಿದರೆ ವಾರಿಜಕ್ಕ ತಿರುಗಿ ಕರೆದಾಳು ಅಂತ ಸೆರಗನ್ನು ಬಾಯಿಗೆ ತುರುಕಿಕೊಂಡು ಗೇಟು ದಾಟಿದಳು.

ಶೀನ ಉಂಡ. ವಾರಿಜಕ್ಕ ತೊಟ್ಟಿ ಒರೆಸುವ ಗಡಿಬಿಡಿಯಲ್ಲಿ ಅವನನ್ನು ಮರೆತೇಬಿಟ್ಟಳು. ಅನ್ನ ಮುಗಿಯಿತು. ಸಾರು ಮುಗಿಯಿತು. ಮಜ್ಜಿಗೆಯೂ ಮುಗಿಯಿತು. ಶೀನ ಆಚೆ ಈಚೆ ನೋಡಿ, ಬಾಳೆಲೆಯನ್ನು ಉದ್ದಕ್ಕೆ ಹರಿದು, ಮಡಚಿ, ಬಾಯಿಗಿಟ್ಟು ಅಗಿಯತೊಡಗಿದ. ಸಾಕು ಅಂತ ಅವನಿಗೆ ಯಾರೂ ಹೇಳಿರಲಿಲ್ಲ.