ಹಾಲಿನ ಯಂತ್ರದೊಳಗಿನ ಪುಟ್ಟ ಸರ್ವರ್

ಈ ಕಥೆ ನನಗೆ ಮೊದಲು ಹೇಳಿದ್ದು ಡೇರಿಯ ಆಪರೇಟರ್ ರೇವಮ್ಮ. ಹೇಳಿ ಮುಗಿಸುವುದರೊಳಗೆ ಅವರಿಗೆ ಮ್ಯಾನೇಜರರಿಂದ ಮೂರು ಸಲ ಫೋನು ಬಂತು.

ಕಚೇರಿಯ ಕಂಪ್ಯೂಟರಿನಲ್ಲಿದ್ದ ತಂತ್ರಾಂಶ, ಹಾಲು ತಂಪಾಗಿಸುವ ಯಂತ್ರವನ್ನು ಒಳಗಿಂದ ನಡೆಸುವ ಪುಟ್ಟ ಕಂಪ್ಯೂಟರ್ ಆದ ಸರ್ವರನ್ನು ಕೇಳಿತು: "ಹಾಲು ಎಷ್ಟು ಡಿಗ್ರಿಗೆ ಇಳಿಯಿತು?"

"ಅಳೆದು ಹೇಳುತ್ತೇನೆ, ತಾಳಕ್ಕ."

"ಎಷ್ಟು? ಎಷ್ಟಂತೆ?"

ಕೇಳಿದಾಗಲೆಲ್ಲ ಸರ್ವರ್ ತಂಪು ಮಾಡುವ ಸ್ಕ್ರಿಪ್ಟ್, ಅಂದರೆ ಆ ಕೆಲಸದ ಆಜ್ಞೆಗಳ ಪಟ್ಟಿಯನ್ನು, ನಿಲ್ಲಿಸಿ, ಉತ್ತರಿಸುವ ಸ್ಕ್ರಿಪ್ಟನ್ನು ಮೊದಲಿಂದ ಓಡಿಸಬೇಕಿತ್ತು.

"ಅಕ್ಕಾ, ನನಗಿರುವುದು ಒಂದೇ ಕೈ. ನಿನಗೆ ಉತ್ತರಿಸುತ್ತಾ ಕೂತರೆ ಹಾಲು ಕೆಡುತ್ತದೆ."

"ನನ್ನ ಆತಂಕವೂ ಅದೇ! ಎಷ್ಟು?"

ಕೇಳಿ ಕೇಳಿ ತಂತ್ರಾಂಶವೇ ಹ್ಯಾಂಗ್ ಆಗಿ ನಿಂತಿತು. ಆ ಬಿಡುವಿನಲ್ಲಿ ಸರ್ವರ್ ಹಾಲು ತಂಪು ಮಾಡಿ, "ನಾಲ್ಕು ಡಿಗ್ರಿ" ಎಂದಿತು.

ಎಚ್ಚೆತ್ತ ತಂತ್ರಾಂಶ ಬೀಗಿತು: "ನೋಡಿದೆಯಾ? ನಾನು ಬೆನ್ನು ಹತ್ತಿದ್ದಕ್ಕೇ ಆಯಿತು!"

ಇದನ್ನು ನಿಮ್ಮ ಮ್ಯಾನೇಜರಿಗೂ ಹೇಳಿ. ಒಂದೇ ಸಲ ಹೇಳಿ, ಸುಮ್ಮನಿರಿ.