ಬಚ್ಚಲಿನಲ್ಲಿ ನಿಂತ ಸೈಕಲ್

"ಗುರುಗಳೇ, ಸೈಕಲ್ಲಿಗೆ ಪೆಟ್ರೋಲ್ ಬೇಡ, ವಿಮೆ ಬೇಡ, ನಿಲ್ಲಿಸಲು ಗೋಡೆಯೊಂದಿದ್ದರೆ ಆಯಿತು. ತುಳಿದವನ ಮೈಯೂ ಗಟ್ಟಿಯಾಗಿರುತ್ತದೆ. ಆದರೂ ಜನ ಸಾಲ ಸೋಲ ಮಾಡಿ ಕಾರನ್ನೇ ಕೊಳ್ಳುತ್ತಾರಲ್ಲ, ಯಾಕೆ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಮಠದ ಹಿತ್ತಲಿನಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಒಂದು ಹಿಡಿ ಕಾಯಿಯನ್ನು ಶಿಷ್ಯನ ಕಡೆಗೂ ತಳ್ಳಿ, "ಕೈ ಕೆಲಸ ಮಾಡಲಿ, ಕಿವಿ ಇತ್ತ ಇರಲಿ" ಎಂದು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಮಂಡಕ್ಕಿ ವ್ಯಾಪಾರಿ ಇದ್ದ. ಭಟ್ಟಿಯಿಂದ ಮಂಡಕ್ಕಿ ತಂದು ಅಂಗಡಿ ಅಂಗಡಿಗೆ ಹಾಕುವುದು ಅವನ ಕಸುಬು. ಸೈಕಲ್ಲಿನ ಹಿಂದೆ ಆಳೆತ್ತರದ ಚೀಲ ಕಟ್ಟಿಕೊಂಡು ಹೊರಟನೆಂದರೆ ಹಿಂದಿನಿಂದ ನೋಡಿದವರಿಗೆ ಮನುಷ್ಯನೇ ಕಾಣುತ್ತಿರಲಿಲ್ಲ, ಚೀಲವೊಂದು ತನ್ನಷ್ಟಕ್ಕೆ ಪೇಟೆಗೆ ಹೊರಟಂತಿತ್ತು. ಮಳೆಯೋ ಬಿಸಿಲೋ, ಅವನು ತುಳಿಯುತ್ತಿದ್ದ. ಮನೆ ಕಟ್ಟಿಸಿದ್ದ, ಮಗಳನ್ನು ಓದಿಸಿದ್ದ. ಸೈಕಲ್ಲಿನ ಮೇಲೆ ಅವನಿಗೆ ಯಾವ ದೂರೂ ಇರಲಿಲ್ಲ.

ದೂರು ಇದ್ದದ್ದು ಎದುರು ಮನೆಯ ಹಾಲಮ್ಮನಿಗೆ. ಆಕೆಗೆ ತನ್ನ ಮನೆಯ ಒಲೆಯ ಮೇಲೆ ಏನಿದೆ ಅನ್ನುವುದು ಮರೆತರೂ ಬೀದಿಯ ಯಾವ ಬಾಗಿಲಲ್ಲಿ ಯಾವ ಗಾಡಿ ನಿಂತಿದೆ ಅನ್ನುವುದು ಮರೆಯುತ್ತಿರಲಿಲ್ಲ. ವ್ಯಾಪಾರಿಯ ಮಗಳನ್ನು ನೋಡಲು ಪಕ್ಕದ ತಾಲ್ಲೂಕಿನಿಂದ ಗಂಡಿನವರು ಬರುತ್ತಾರೆ ಎಂಬ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಮೊಸರಿನ ನೆಪ ಮಾಡಿಕೊಂಡು ಬಂದಳು.

"ನಿನಗೆ ಗೊತ್ತೇನವ್ವ, ಹಿಂದಿನ ಬೀದಿ ಹುಡುಗಿನ್ನ ನೋಡೋಕೆ ಬಂದಿದ್ರಲ್ಲ, ಬಾಗಿಲಲ್ಲಿ ಸೈಕಲ್ ಕಂಡು ಕಾಫಿ ಲೋಟಾನೂ ಮುಟ್ಟದೆ ಎದ್ದು ಹೋದ್ರು" ಎಂದು ವ್ಯಾಪಾರಿಯ ಹೆಂಡತಿಯ ಕಿವಿಯಲ್ಲಿ ಊದಿದಳು.

ಅವರು ಎದ್ದು ಹೋದದ್ದು ಸೈಕಲ್ಲಿಗಲ್ಲ. ಆ ಹುಡುಗಿಗೂ ಫೋಟೋ ಸ್ಟುಡಿಯೋದವನಿಗೂ ಇದ್ದ ಸಲಿಗೆ ಬಂದವರ ಕಿವಿಗೆ ಮುಟ್ಟಿತ್ತು. ಮುಟ್ಟಿಸಿದವಳು ಹಾಲಮ್ಮನೇ. ಅದನ್ನು ಮಾತ್ರ ಆಕೆ ಹೇಳಲಿಲ್ಲ. ಮೊಸರು ಇಸಿದುಕೊಂಡು ಹೋದಳು.

ಹೆಂಡತಿಗೆ ಅವತ್ತಿನಿಂದ ನಿದ್ದೆ ಇಲ್ಲ. ಯಾಕೆಂದರೆ ಈ ಸಂಬಂಧ ಬರೀ ಸಂಬಂಧವಾಗಿರಲಿಲ್ಲ. ಬಂದ ಗಂಡುಗಳಿಗೆಲ್ಲ ಮೂಗು ಮುರಿಯುತ್ತಿದ್ದ ಮಗಳು, ಚಿಕ್ಕಮ್ಮನ ಮನೆಯ ಮದುವೆಯಲ್ಲಿ ಈ ಹುಡುಗನನ್ನು ಕಂಡಿದ್ದಳು. ಊಟದ ಪಂಕ್ತಿಯಲ್ಲಿ ಅವನು ಹೋಳಿಗೆ ಬಡಿಸಿದ್ದ. ಇವಳು ಬೇಡ ಬೇಡ ಅನ್ನುತ್ತಲೇ ಮೂರು ತಿಂದಿದ್ದಳು. ಮನೆಗೆ ಬಂದು, "ಅವರು ಬರೋದಾದ್ರೆ ಬರಲಿ" ಎಂದಿದ್ದಳು. ಅವಳ ಬಾಯಿಂದ ಇಷ್ಟು ಬಂದದ್ದೇ ತಂದೆಗೆ ಪಂಚಾಮೃತ ಕುಡಿದಷ್ಟಾಗಿತ್ತು. ಈಗ ಒಂದು ಸೈಕಲ್ಲಿನ ದೆಸೆಯಿಂದ ಅದು ತಪ್ಪಿದರೆ ಮಗಳ ಮುಖ ನೋಡುವುದು ಹೇಗೆ ಎಂಬ ದಿಗಿಲು ಅವನಿಗೂ ಹತ್ತಿತು.

ಅವನು ಬಾಡಿಗೆ ಕಾರಿನವನ ಹತ್ತಿರ ಹೋದ.

"ಭಾನುವಾರ ಕಾರು ಬೇಕಿತ್ತು. ಓಡಿಸೋಕಲ್ಲ, ನಿಲ್ಲಿಸೋಕೆ."

"ನಿಂತ ಕಾರಿಗೆ ಬಾಡಿಗೆ ಹೆಂಗೆ ಹೇಳಲಿ, ಅಣ್ಣಾ?"

"ಓಡಿದ್ರೆ ಎಷ್ಟೋ ಅಷ್ಟೇ ತಗೋ. ಯಾರಾದ್ರೂ ಕೇಳಿದ್ರೆ ಈ ಮನೇದು ಅನ್ನಬೇಕು, ಅಷ್ಟೇ."

ಯಾವ ಕಾರ್ಯಕ್ಕೆ, ಯಾವ ಊರಿನವರು ಬರುತ್ತಾರೆ ಎಂದೆಲ್ಲ ಬಾಡಿಗೆಯವನು ವಿಚಾರಿಸಿಕೊಂಡ. ಆಮೇಲೆ ತಲೆ ಕೆರೆದುಕೊಂಡ, ನಕ್ಕ, ಆಗಲಿ ಎಂದ. ಯಾಕೆ ನಕ್ಕ ಎಂದು ವ್ಯಾಪಾರಿ ಕೇಳಲಿಲ್ಲ. ಅಲ್ಲೇ ಎಡವಿದ.

ಭಾನುವಾರ ಮನೆಯ ಚಹರೆಯೇ ಬದಲಾಯಿತು. ಮಂಡಕ್ಕಿ ಚೀಲಗಳು ಅಟ್ಟ ಸೇರಿದವು. ಮಂಡಕ್ಕಿಯ ಒಂದು ಕಾಳೂ ಕಣ್ಣಿಗೆ ಬೀಳದಂತೆ ಹೆಂಡತಿ ಉಪ್ಪಿಟ್ಟು, ಕೇಸರಿಬಾತು ಮಾಡಿದಳು. ಸೈಕಲ್ಲನ್ನು ಬಚ್ಚಲಿಗೆ ತಳ್ಳಿ, ಮೇಲೊಂದು ಹಳೆಯ ಸೀರೆ ಹೊದಿಸಿ, ಬಾಗಿಲು ಎಳೆದುಕೊಂಡಳು. ವ್ಯಾಪಾರಿ ಇಸ್ತ್ರಿ ಅಂಗಿ ತೊಟ್ಟು ಜಗುಲಿಯ ಮೇಲೆ ನಿಂತ. ಎದುರು ಕಿಟಕಿಯಲ್ಲಿ ಹಾಲಮ್ಮ ಅವನಿಗಿಂತ ಮೊದಲೇ ನಿಂತಿದ್ದಳು.

ಕಾರು ಬಂತು. ಮಾತಾಡಿದ್ದ ಅದೇ ಬಿಳಿ ಕಾರು, ಓಡಿಸುತ್ತಿದ್ದವನೂ ಅವನೇ. ಆದರೆ ಖಾಲಿ ಬರಲಿಲ್ಲ. ಹಿಂದಿನ ಬಾಗಿಲಿನಿಂದ ಗಂಡಿನ ತಾಯಿ ರೇಷ್ಮೆ ಸೀರೆಯ ನೆರಿಗೆ ಸರಿಪಡಿಸಿಕೊಳ್ಳುತ್ತ ಇಳಿದಳು. ಆಮೇಲೆ ಹುಡುಗ ಇಳಿದ. ಮುಂದಿನ ಸೀಟಿನಿಂದ ಗಂಡಿನ ತಂದೆ ಇಳಿದು, "ನಮ್ಮ ಡ್ರೈವರಿಗೆ ದಾರಿ ಸರಿಯಾಗಿ ಗೊತ್ತಾಗಲಿಲ್ಲ ನೋಡ್ರಿ, ಯಜಮಾನ್ರೇ, ಅದಕ್ಕೆ ತಡವಾಯ್ತು" ಎಂದ.

ಆ ಗಂಡಿನ ತಂದೆ ಹೂವಿನ ವ್ಯಾಪಾರಿ. ಅವನೂ ಮನೆಯವಳ ಕಾಟಕ್ಕೆ, ತಮ್ಮ ತಾಲ್ಲೂಕಿಗೂ ಬಾಡಿಗೆಗೆ ಬರುತ್ತಿದ್ದ ಇದೇ ಕಾರನ್ನು ಗೊತ್ತು ಮಾಡಿದ್ದ, ತಮ್ಮದೇ ಎನ್ನಬೇಕು ಎಂದು ಅವನೂ ಹೇಳಿಟ್ಟಿದ್ದ. ಬಾಡಿಗೆಯವನಿಗೆ ಇದರಲ್ಲಿ ಮೋಸವೇನೂ ಕಾಣಲಿಲ್ಲ. ಗಂಡಿನವರನ್ನು ತಂದು ಇಳಿಸಿದರೆ ಅವರ ಕೆಲಸವಾಯಿತು, ಆಮೇಲೆ ಅದೇ ಬಾಗಿಲಲ್ಲಿ ನಿಂತರೆ ಹೆಣ್ಣಿನವರ ಕೆಲಸವಾಯಿತು. ಇಬ್ಬರಿಗೂ ಕೊಟ್ಟ ಮಾತು ಉಳಿಯಿತು ಎಂದುಕೊಂಡಿದ್ದ.

ಮಂಡಕ್ಕಿ ವ್ಯಾಪಾರಿಗೆ ಎಲ್ಲವೂ ಒಂದೇ ಏಟಿಗೆ ಅರ್ಥವಾಯಿತು. ಆದರೆ ಒಳಗೆ ಹೋಗಿ ಹೆಂಡತಿಗೆ ತಿಳಿಸುವಷ್ಟರಲ್ಲಿ ಬಂದವರು ಚಾಪೆಯ ಮೇಲೆ ಕೂತಿದ್ದರು, ಹೆಂಡತಿ ತಟ್ಟೆ ಹಿಡಿದು ನಡುಮನೆಗೆ ಬಂದಿದ್ದಳು. ಬರುವಾಗ ಕಿಟಕಿಯಿಂದ ಕಾರನ್ನು ಕಣ್ತುಂಬ ನೋಡಿಕೊಂಡೇ ಬಂದಿದ್ದಳು. ಅದರಿಂದ ಯಾರು ಇಳಿದರು ಅನ್ನುವುದನ್ನು ನೋಡಿರಲಿಲ್ಲ.

"ಹೊರಗೆ ಎಂಥಾ ಬಿಸಿಲು" ಎಂದಳು ಗಂಡಿನ ತಾಯಿ. "ನಮ್ಮ ಕಾರಲ್ಲಿ ಎಸಿ ಇರೋದಕ್ಕೆ ಗೊತ್ತಾಗಲಿಲ್ಲ."

"ನಮ್ಮದರಲ್ಲೂ ಐತಿ" ಎಂದಳು ಇವಳು. "ಅಗೋ, ಕಿಟಕೀಲಿ ಕಾಣ್ತದಲ್ಲ ಬಿಳೀದು, ಅದೇ."

ವ್ಯಾಪಾರಿ ಕೆಮ್ಮಿದ. ಹೆಂಡತಿ ಅವನಿಗೆ ನೀರು ಕೊಟ್ಟಳು.

"ಯಾವುದು, ಆ ಬಿಳೀದಾ? ಅದು ನಮ್ಮದಲ್ವಾ?"

"ಎಲ್ಲೀ ಮಾತು ಬಿಡ್ರಿ. ಹೋದ ದೀಪಾವಳಿಗೆ ನಮ್ಮ ಮನೆಯವರು ತಗೊಂಡಿದ್ದು."

"ನಾನು ಅದರಲ್ಲೇ ಕೂತು ಬಂದೀನಿ, ನನ್ನ ಕರ್ಚೀಫು ಇನ್ನೂ ಅದರ ಸೀಟಿನ ಮೇಲೈತಿ."

"ನಿಮ್ಮದನ್ನ ಬೇರೆ ಕಡೆ ನಿಲ್ಲಿಸಿರ್ಬೇಕು, ಹೋಗಿ ನೋಡ್ರಿ."

ಇಬ್ಬರ ದನಿಯೂ ಏರಿತು. ವ್ಯಾಪಾರಿ ಮತ್ತೆ ಕೆಮ್ಮಿದ. ಹೂವಿನವನೂ ಕೆಮ್ಮಿದ. ಗಂಡಸರು ಕೆಮ್ಮಿದಷ್ಟೂ ಹೆಂಗಸರು ಬಿಗಿಯಾದರು. ಕೊನೆಗೆ ಜಗುಲಿಯಲ್ಲಿ ತಿಂಡಿ ತಿನ್ನುತ್ತಿದ್ದ ಬಾಡಿಗೆಯವನನ್ನೇ ಒಳಗೆ ಕರೆದರು. ಕಾರು ಯಾರದು ಹೇಳು ಎಂದು ಇಬ್ಬರೂ ಒಟ್ಟಿಗೆ ಕೇಳಿದರು.

ಅವನು ತಟ್ಟೆ ಕೆಳಗಿಡಲಿಲ್ಲ. "ಇವರದು ಅನ್ನು ಅಂತ ಇವರು ಹೇಳಿದ್ರು. ಅವರದು ಅನ್ನು ಅಂತ ಅವರು ಹೇಳಿದ್ರು. ನನ್ನದು ಅನ್ನೋಣ ಅಂದ್ರೆ ಇನ್ನೂ ಕಂತು ತೀರಿಲ್ಲ. ನೀವೇ ಒಂದು ತೀರ್ಮಾನಕ್ಕೆ ಬನ್ರಿ, ಅಮ್ಮಾ" ಎಂದು ಕೇಸರಿಬಾತಿಗೆ ಕೈ ಹಾಕಿದ.

ಅಡುಗೆಮನೆಯಲ್ಲಿ ಅಷ್ಟು ಹೊತ್ತೂ ಕೇಳುತ್ತಿದ್ದ ಮಗಳ ಬಳೆಯ ಸದ್ದು ನಿಂತುಹೋಯಿತು. ಆ ಸದ್ದು ನಿಂತದ್ದು ವ್ಯಾಪಾರಿಯ ಎದೆಗೆ ಬಡಿಯಿತು. ಮುಗಿಯಿತು, ಸುಳ್ಳುಗಾರನ ಮಗಳು ಎಂಬ ಹೆಸರು ಹೊತ್ತು ಅವಳು ಇಲ್ಲೇ ಉಳಿಯುತ್ತಾಳೆ ಎಂದುಕೊಂಡ.

ಹೂವಿನವನು ತಲೆ ತಗ್ಗಿಸಿಕೊಂಡು ಎದ್ದ. "ಕೈ ತೊಳೀಬೇಕಿತ್ತು" ಎಂದ.

"ಇಲ್ಲೇ, ತಟ್ಟೇಲೇ ತೊಳೀರಿ" ಎಂದು ವ್ಯಾಪಾರಿ ಗಾಬರಿಯಿಂದ ಅಂದ. ಅಷ್ಟರಲ್ಲಿ ಹೂವಿನವನು ಹಿಂದಕ್ಕೆ ಹೋಗಿ ಬಚ್ಚಲಿನ ಬಾಗಿಲು ನೂಕಿಯಾಗಿತ್ತು. ಸೀರೆ ಉಟ್ಟ ಸೈಕಲ್ಲು ಅವನ ಮೈಮೇಲೇ ವಾಲಿತು. ಹಂಡೆಗೆ ಬಡಿದ ಸದ್ದು, ಮೇಲಿಂದ ಗಂಟೆಯ ಸದ್ದು, ಬೀದಿಗೆಲ್ಲ ಕೇಳಿತು. ಆಮೇಲೆ ಪೆಡಲು ತಿರುಗಿಸಿದ ಸದ್ದೊಂದು ಬಂತು.

"ಬೀಗರೇ" ಎಂದು ಹೂವಿನವನು ಒಳಗಿಂದ ಕೂಗಿದ. "ನಿಮ್ಮ ಚೈನು ಪೂರಾ ಸಡಿಲ. ಹಿಂಗೇ ತುಳಿದ್ರೆ ಮೊಣಕಾಲು ಉಳಿಯೋದಿಲ್ಲ. ಪಾನಾ ಇದ್ರೆ ತಗೊಂಡು ಬನ್ರಿ."

ಅಲ್ಲಿಯವರೆಗೆ ಯಜಮಾನ್ರೇ ಎನ್ನುತ್ತಿದ್ದವನು ಬೀಗರೇ ಎಂದಿದ್ದ. ಎಲ್ಲರಿಗೂ ಕೇಳಿಸಿತು. ವ್ಯಾಪಾರಿ ಪಾನಾ ಹುಡುಕಿಕೊಂಡು ಓಡಿದ. ಇಸ್ತ್ರಿ ಅಂಗಿಯ ಇಬ್ಬರು ಬಚ್ಚಲಿನಲ್ಲಿ ಕುಕ್ಕರಗಾಲಲ್ಲಿ ಕೂತು ಚೈನು ಬಿಗಿ ಮಾಡಿದರು.

"ನಮ್ಮದನ್ನ ನಮ್ಮಾಕಿ ಪಕ್ಕದ ಮನೆ ದನದ ಕೊಟ್ಟಿಗೆಗೆ ದಾಟಿಸ್ಯಾಳೆ" ಎಂದ ಹೂವಿನವನು. "ನೀವು ಗಂಡಿನ ಮನೆ ನೋಡೋಕೆ ಅಂತ ದಿಢೀರ್ ಬಂದುಗಿಂದ್ರೆ ಅಂತ. ಎಮ್ಮೆ ಅದರ ಸೀಟನ್ನ ನೆಕ್ಕಿ ನೆಕ್ಕಿ ಇಟ್ಟದೆ."

ಮೊದಲು ನಕ್ಕವನು ಹುಡುಗ. ಅಡುಗೆಮನೆಯಲ್ಲಿ ಬಳೆ ಮತ್ತೆ ಸದ್ದು ಮಾಡಿತು. ಇಬ್ಬರು ಹೆಂಗಸರು ಒಬ್ಬರ ಮುಖ ಒಬ್ಬರು ನೋಡದೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅಲುಗಾಡತೊಡಗಿದರು. ಆಮೇಲೆ ಮುಚ್ಚಿಕೊಳ್ಳುವುದನ್ನೂ ಬಿಟ್ಟರು.

ಹುಡುಗಿ ಕಾಫಿ ತಂದಳು. "ನಿಮಗೆ ಸೈಕಲ್ ಬರ್ತದಾ?" ಎಂದು ಹುಡುಗ ಕೇಳಿದ.

"ಹಿಂದೆ ಚೀಲ ಕಟ್ಟಿದ್ರೂ ಬರ್ತದೆ" ಎಂದಳು.

ಮಂಡಕ್ಕಿಯವರ ಮನೆಗೆ ಬಂದು ಉಪ್ಪಿಟ್ಟು ತಿಂದು ಹೋಗಬೇಕಾ ಎಂದು ಹೂವಿನವನು ಗದರಿದ. ಅಟ್ಟದಿಂದ ಚೀಲ ಇಳಿಯಿತು. ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಸುತ್ತಿ ಸುತ್ತಿ ಬಂದವು. ಹಾಲಮ್ಮ ಕಿಟಕಿಯಲ್ಲಿ ನಿಂತು ನಿಂತು ತಡೆಯಲಾಗದೆ ತಾನೂ ಬಂದು ಒಂದು ತಟ್ಟೆ ಹಿಡಿದಳು. ಮದುವೆ ಅಲ್ಲೇ ಗೊತ್ತಾಯಿತು, ಮುಂದೆ ಚೆನ್ನಾಗಿಯೇ ನಡೆಯಿತು.

ಗುರುಗಳು ಸುಲಿದ ಸಿಪ್ಪೆಯನ್ನು ಒತ್ತಟ್ಟಿಗೆ ಸರಿಸಿದರು.

"ಹಾಗಾದರೆ ಅವನು ಸೈಕಲ್ಲಿನಲ್ಲೇ ಸುಖವಾಗಿದ್ದ" ಎಂದ ಶಿಷ್ಯ.

"ತಾಳು. ಅವನು ಕಾರು ಕೊಂಡ" ಎಂದು ಗುರುಗಳು ಮುಂದುವರಿಸಿದರು.

ಆ ಭಾನುವಾರ ಬೀಗರನ್ನು ಊರ ಗಡಿಯವರೆಗೆ ಬಿಟ್ಟು ಬರೋಣ ಎಂದು ವ್ಯಾಪಾರಿಯೂ ಅದೇ ಕಾರು ಹತ್ತಿದ. ಹುಟ್ಟಿದಾಗಿನಿಂದ ಕಾರಿನ ಮುಂದಿನ ಸೀಟಿನಲ್ಲಿ ಕೂತವನಲ್ಲ. ಪೇಟೆಯ ತಿರುವಿನಲ್ಲಿ ಅಕ್ಕಿ ಅಂಗಡಿಯವನು ಗದ್ದುಗೆಯ ಮೇಲೆ ಕೂತಿದ್ದ. ಇಷ್ಟು ಕಾಲ ಆತ "ಏ ಮಂಡಕ್ಕಿ, ಇತ್ತ ಬಾ" ಎಂದೇ ಕರೆದವನು, ಕೂತಲ್ಲಿಂದ ಅಲುಗಿದವನಲ್ಲ. ಅವತ್ತು ಕಾರಿನ ಗಾಜಿನ ಹಿಂದೆ ಈ ಮುಖ ಕಂಡದ್ದೇ ಎದ್ದು ನಿಂತ. ಕೈ ಮುಗಿದ. "ಸಾವ್ಕಾರ್ರೇ, ಎತ್ತ ಕಡೆ ಸವಾರಿ?" ಎಂದ.

ವ್ಯಾಪಾರಿ ಕಾರಿನಲ್ಲಿ ಕೂತವರು ಆಡಿಸುವ ಹಾಗೆ ಚೂರೇ ಚೂರು ತಲೆ ಆಡಿಸಿದ. ಅದು ಅವನಿಗೆ ಯಾರೂ ಕಲಿಸದೆಯೇ ಬಂತು.

ಮಗಳ ಬಗ್ಗೆ ಇದ್ದ ಭಯ ಹೋಗಿತ್ತು. ಬೀಗರ ಮುಂದೆ ನಾಚಿಕೆಯೂ ಉಳಿದಿರಲಿಲ್ಲ. ಆದರೆ ಆ ಒಂದು ಮಾತು ಕಿವಿಯಲ್ಲಿ ಕೂತುಬಿಟ್ಟಿತು. ಮರುದಿನ ಸೈಕಲ್ಲಿನಲ್ಲಿ ಹೋದಾಗ ಅಕ್ಕಿ ಅಂಗಡಿಯವನು ಕೂತಲ್ಲಿಂದಲೇ "ಏ ಮಂಡಕ್ಕಿ" ಎಂದ. ಅದೂ ಕಿವಿಯಲ್ಲಿ ಕೂತಿತು. ಎರಡೂ ಒಳಗೆ ಕಚ್ಚಾಡಿದವು.

ಮದುವೆಯ ಖರ್ಚಿನ ಬಿಸಿ ಆರುವ ಮೊದಲೇ ಒಂದು ಕಾರು ಬಾಗಿಲಿಗೆ ಬಂತು. ಅದಕ್ಕೆ ಅಂಗಳ ಸಾಲದೆ ಹೂವಿನ ಗಿಡಗಳು ಹೋದವು. ಹೆಂಡತಿ ಅದಕ್ಕೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿ, ಮೇಲೊಂದು ಹೊದಿಕೆ ಹಾಕಿದಳು. ಆಯುಧ ಪೂಜೆಗೆ ಅದರ ಮುಂದೆ ಕುಂಬಳಕಾಯಿ ಒಡೆದರು. ಅವತ್ತು ಹಂಚಿದ ಮಂಡಕ್ಕಿ ಬಂದದ್ದು ಮಾತ್ರ ಸೈಕಲ್ಲಿನ ಮೇಲೆ. ಕಾರಿನೊಳಗೆ ಮಂಡಕ್ಕಿ ಚೀಲ ಹಿಡಿಸುವುದಿಲ್ಲವಲ್ಲ. ಹಾಗಾಗಿ ಹಗಲೆಲ್ಲ ಅವನು ಹಿಂದಿನಂತೆ ತುಳಿದು ದುಡಿಯುತ್ತಿದ್ದ. ಸಂಜೆ ಕೈಕಾಲು ತೊಳೆದು, ಅಂಗಿ ಬದಲಿಸಿ, ಹೊಸದಾಗಿ ಓಡಿಸಲು ಕಲಿತಿದ್ದ ಕಾರು ತೆಗೆಯುತ್ತಿದ್ದ. ಅಕ್ಕಿ ಅಂಗಡಿಯವರೆಗೆ ಹೋಗುವನು. ಆತ ಏಳುವನು. ಇವನು ತಲೆ ಆಡಿಸುವನು. ತಿರುಗಿಸಿಕೊಂಡು ಮನೆಗೆ ಬರುವನು.

"ಎಲ್ಲಿಗೆ ಹೋಗಿದ್ರಿ?" ಎಂದು ಹೆಂಡತಿ ಕೇಳುವಳು.

"ಎಲ್ಲಿಗೂ ಇಲ್ಲ."

"ಪೆಟ್ರೋಲು?"

"ಒಂಚೂರು ಆಯ್ತು" ಎನ್ನುವನು. ಆದರೆ ಅವನ ಮುಖದಲ್ಲಿ ಎಂಥ ಕಳೆ ಇರುತ್ತಿತ್ತೆಂದರೆ ಅವಳು ಮುಂದೆ ಕೇಳುತ್ತಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಹೊಟ್ಟೆ ಹಿಡಿದುಕೊಂಡು ನಕ್ಕ, ಮಡಿಲಲ್ಲಿದ್ದ ಅವರೆಕಾಳು ನೆಲಕ್ಕೆ ಚೆಲ್ಲಿತು. "ಒಬ್ಬ ಎದ್ದು ನಿಲ್ಲಲಿ ಅಂತ ಕಾರು ಕೊಳ್ಳುವುದೇ? ಎಂಥ ಹುಚ್ಚನಿರಬೇಕು ಅವನು, ಗುರುಗಳೇ" ಎಂದ.

ಗುರುಗಳೂ ನಕ್ಕರು. ಅವನ ನಗು ಮುಗಿಯುವವರೆಗೆ ಕಾದು ಕೇಳಿದರು:

"ಬೆಳಿಗ್ಗೆ ಮಠಕ್ಕೆ ಕಾರು ಬಂದಾಗ ಓಡಿಹೋಗಿ ಗೇಟು ತೆಗೆದೆಯಲ್ಲ, ಅದರ ಹಿಂದೆಯೇ ಸೈಕಲ್ಲಿನಲ್ಲಿ ಬಂದವನಿಗೆ ಯಾರು ತೆಗೆದರಪ್ಪಾ?"